ಹಲಗೆಯ ಕೆಳಗಿನ ಯಜಮಾನರು

ಮಲಗುವ ಕೋಣೆಯ ಸೂರಿಗೆ ನಕ್ಷತ್ರ ಬೇಕು ಎಂದು ಯಜಮಾನರಿಗೆ ಹೊಳೆದದ್ದು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ. ಕೂದಲೆಳೆಯಂಥ ಫೈಬರ್ ಎಳೆಗಳನ್ನು ಕಪ್ಪು ಹಲಗೆಯ ತೂತುಗಳಲ್ಲಿ ತೂರಿಸಿ, ಹಿಂದೆ ಒಂದೇ ಒಂದು ದೀಪದ ಪೆಟ್ಟಿಗೆ ಇಟ್ಟರೆ ತುದಿಗಳೆಲ್ಲ ಮಿನುಗುತ್ತವಂತೆ. "ಎರಡು ಭಾನುವಾರದ ಕೆಲಸ ಕಣೇ. ನೀನು ಸುಮ್ಮನೆ ನೋಡ್ತಾ ಇರು," ಎಂದರು ಹೆಂಡತಿಗೆ. ಅವರ ಬಾಯಲ್ಲಿ 'ಸುಮ್ಮನೆ' ಬಂದರೆ ತನ್ನ ಸೊಂಟಕ್ಕೆ ಕೇಡು ಎಂಬುದು ಅವಳಿಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು.

ಹಲಗೆಯನ್ನು ನಾಲ್ಕು ಕುರ್ಚಿಗಳ ಮೇಲೆ ಬೋರಲು ಮಲಗಿಸಿದ್ದಾಯಿತು. ಯಜಮಾನರು ಡ್ರಿಲ್ ಹಿಡಿದು ಐದಾರು ತೂತು ಕೊರೆದರು. ಅಷ್ಟಕ್ಕೇ ಭುಜ ಹಿಡಿದುಕೊಂಡಿತು. ಆಮೇಲೆ ಕೊರೆದವಳು ಅವಳು. ಒಂದೊಂದೇ ಎಳೆ ಪೋಣಿಸಿದವಳು, ಹಿಂಬದಿಯಿಂದ ಹನಿಹನಿಯಾಗಿ ಅಂಟು ಬಿಟ್ಟವಳೂ ಅವಳೇ. ಯಜಮಾನರು ಹಲಗೆಯ ಕೆಳಗೆ ಚಾಪೆ ಹಾಸಿ, ತಲೆದಿಂಬು ಇಟ್ಟುಕೊಂಡು, "ಎಡಕ್ಕೆ... ಅಯ್ಯೋ, ನನ್ನ ಎಡಕ್ಕೆ!" ಎಂದು ಉಸ್ತುವಾರಿ ನಡೆಸಿದರು. ನಡುನಡುವೆ ಗೊರಕೆಯೂ ಕೇಳುತ್ತಿತ್ತು. ಗಾಡಿಯ ಕೆಳಗಿನ ನಾಯಿ ಗಾಡಿ ಎಳೆಯುವುದೇ ತಾನು ಅಂದುಕೊಳ್ಳುತ್ತದಂತೆ. ಆ ನಾಯಿ ಕಡೇಪಕ್ಷ ನಡೆಯುತ್ತದೆ.

ಬಡಗಿ ಬಂದು ಹಲಗೆಯನ್ನು ಸೂರಿಗೆ ಬಿಗಿದು ಹೋದ. ದೀಪ ಹಾಕಿದಾಗ ಸೂರೆಲ್ಲ ಮಿನುಗಿತು. ಇಷ್ಟು ಚೆಂದದ್ದು ತನ್ನ ಕೈಯಿಂದ ಆಗುತ್ತದೆ ಎಂದು ಅವಳು ಎಣಿಸಿರಲೇ ಇಲ್ಲ. ನೋಡಲು ಬರುವ ಅಕ್ಕನೋ ಭಾವನೋ 'ಇದನ್ನ ನೀನು ಮಾಡಿದ್ದಾ?' ಎಂದು ಒಮ್ಮೆ ಕೇಳಲಿ ಎಂದು ಆಸೆಪಟ್ಟಳು. ಬೇರೇನೂ ಬೇಕಿರಲಿಲ್ಲ.

ಅವರು ಬಂದರು. ಮಂಚದ ತುದಿಯಲ್ಲಿ ಕೂತು ಕತ್ತೆತ್ತಿ ನೋಡಿದರು.

"ಎಲ್ಲಾ ನೀವೇ ಮಾಡಿದ್ದಾ?" ಭಾವ ಯಜಮಾನರನ್ನು ಕೇಳಿದರು.

"ಮತ್ತಿನ್ಯಾರು? ನಾನೊಬ್ಬನೇ," ಎಂದರು ಅವರು, ಹೆಂಡತಿಯ ಕಡೆ ತಿರುಗಿಯೂ ನೋಡದೆ. "ಇವಳು ಆಗಾಗ ಟೀ ಕೊಟ್ಟಳು, ಪಾಪ."

ಅವಳ ಬೆರಳುಗಳಿಗೆ ಮೆತ್ತಿದ ಅಂಟು ಇನ್ನೂ ಬಿಟ್ಟಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಅಂಟು ಯಾವ ಕಡೆಯಿಂದ ಹಾಕ್ಬೇಕು?" ಭಾವನಿಗೆ ಕುತೂಹಲ.

"ಕೆಳಗಿಂದ. ಕಾಣೋ ಕಡೆಯಿಂದ ಹಾಕಿದ್ರೇನೇ ಭದ್ರ," ಎಂದರು ಯಜಮಾನರು.

ಹಾಗೆ ಹಾಕಿದ್ದರೆ ತುದಿಗಳೆಲ್ಲ ಅಂಟಿನಲ್ಲಿ ಮುಳುಗಿ ಇಡೀ ಆಕಾಶಕ್ಕೆ ಪೊರೆ ಬಂದಿರುತ್ತಿತ್ತು.

"ನಮ್ಮ ಕೋಣೆಗೂ ಒಂದು ಮಾಡಿಕೊಡ್ತೀರಾ?" ಅಕ್ಕ ಆಸೆಯಿಂದ ಕೇಳಿದಳು.

"ಅದೇನು ಮಹಾ! ಬರೋ ಭಾನುವಾರವೇ ಶುರು ಮಾಡೋಣ. ಇವಳನ್ನೂ ಜೊತೆಗೆ ಕರ್ಕೊಂಡು ಬರ್ತೀನಿ."

"ನಾನ್ಯಾಕ್ರೀ?" ಎಂದಳು ಅವಳು, ಬೆಲ್ಲದಂಥ ದನಿಯಲ್ಲಿ. "ಟೀ ಕೊಡೋಕೆ ಅಲ್ಲಿ ಅಕ್ಕ ಇದ್ದಾಳಲ್ಲ."

ಭಾವ ಕೈ ಉಜ್ಜಿಕೊಂಡರು. "ಹಾಗಾದ್ರೆ ಹಲಗೆ ತಂದಿಟ್ಟಿರ್ತೀನಿ. ನಾನು ಪಕ್ಕದಲ್ಲೇ ಕೂತಿರ್ತೀನಿ ಮಾರಾಯ್ರೆ. ಮೊದಲಿಂದ ಕೊನೇವರೆಗೂ ನೀವು ಮಾಡೋದನ್ನ ಕಣ್ಣಾರೆ ನೋಡ್ಬೇಕು."

ಯಜಮಾನರು ಇಂಗು ತಿಂದ ಮಂಗನಂತೆ ಸೂರು ನೋಡತೊಡಗಿದರು. ಅವಳ ಹೊಟ್ಟೆ ತಣ್ಣಗಾಯಿತು.