ಬೆಟ್ಟದ ಎರಡು ಮಗ್ಗುಲಿನ ಮಳೆ

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಅದಲಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂದು ವರ್ಷಗಳ ಹಿಂದೆ ಅವನು ಎರಡು ಕಲ್ಲುಗಳ ಚೀಟಿಗಳನ್ನು ಅದಲುಬದಲು ಮಾಡಿದ್ದನಂತೆ. ಅಂದಿನಿಂದ ಹೆಸರು ಅಂಟಿಕೊಂಡಿತ್ತು. ಅವನು ಚಹಾ ತಂದಿಟ್ಟರೆ ಸಾಕು, "ಅದಲಣ್ಣಾ, ಇದರಲ್ಲಿ ಸಕ್ಕರೆನೋ ಉಪ್ಪೋ?" ಎಂದು ಯಾರಾದರೂ ಕೇಳುವರು. ಅವನೂ ನಗುವನು.

ಅವನ ಕೆಲಸ ಕಲ್ಲು ಕೊಯ್ಯುವುದು, ಯಾವ ಗುಹೆಯದೆಂದು ಚೀಟಿ ಅಂಟಿಸುವುದು. ಗುಹೆಯ ಸೂರಿನಿಂದ ತೊಟ್ಟಿಕ್ಕುವ ನೀರು ಸಾವಿರಾರು ವರ್ಷ ನೆಲದ ಮೇಲೆ ಸುಣ್ಣ ಬಿಡುತ್ತಾ ಹೋದರೆ ಮೊಳದುದ್ದದ ಕಂಬವಾಗುತ್ತದೆ. ಅದನ್ನು ಸೀಳಿ, ಪದರಪದರದ ಪುಡಿ ತೆಗೆದು ಅಳೆದರೆ ಯಾವ ಕಾಲದಲ್ಲಿ ಮಳೆ ಹೆಚ್ಚಿತ್ತು, ಯಾವಾಗ ಕಡಿಮೆಯಿತ್ತು ಎಂಬುದು ತಿಳಿಯುತ್ತದೆ. ಹೆಸರು ಅಂಟಿದ ಆ ವರ್ಷ ಬಂದಿದ್ದವು ಬೆಟ್ಟಸಾಲಿನ ಆಚೆ ಒಂದು, ಈಚೆ ಒಂದು ಗುಹೆಯ ಕಲ್ಲುಗಳು. ಮುನ್ನೂರು ನಾನೂರು ವರ್ಷಗಳ ಹಿಂದೆ ಹವೆ ತಣ್ಣಗಾದ ಶತಮಾನಗಳಲ್ಲಿ ಪಡುವಣ ಮಗ್ಗುಲಲ್ಲಿ ಮಳೆ ಹೆಚ್ಚಿ, ಮೂಡಣದಲ್ಲಿ ಬತ್ತಿರಬೇಕು ಎಂದು ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ದೊಡ್ಡ ಸರ್ ಲೆಕ್ಕ ಹಾಕಿದ್ದರು. ಕಲ್ಲುಗಳು ತಿರುಗಾಮುರುಗಾ ಹೇಳಿದವು. ಚೀಟಿ ಅಂಟಿಸಿದವನು ಎಡವಿದ್ದಾನೆ ಎಂದು ತೀರ್ಮಾನಿಸಿ, ದೊಡ್ಡ ಸರ್ ಚೀಟಿಗಳನ್ನು ಪರಸ್ಪರ ಬದಲಿಸಿ ಮಳೆಯ ನಕ್ಷೆ ಅಚ್ಚು ಹಾಕಿಸಿದರು.

ಅವನು ಮೊದಲ ದಿನ ವಾದಿಸಿದ. ಮರುದಿನ ಅನುಮಾನಪಟ್ಟ. ವರ್ಷ ತುಂಬುವಷ್ಟರಲ್ಲಿ ನಂಬಿಯೇಬಿಟ್ಟ. ಮಗಳಿಗೆ ಜ್ವರ ಬಂದಾಗ ಔಷಧಿಯ ಬಾಟಲಿಯನ್ನು ಹೆಂಡತಿಯ ಕೈಗಿಟ್ಟು, "ನೀನೇ ಓದಿ ಹಾಕು, ನನ್ನ ಕಣ್ಣನ್ನ ನಾನು ನಂಬಲ್ಲ" ಎನ್ನುತ್ತಿದ್ದ.

ನಿವೃತ್ತಿಗೆ ಎರಡು ವಾರ ಉಳಿದಿದ್ದಾಗ, ಒಂದು ಬೆಳಿಗ್ಗೆ, ಆ ಗುಹೆಗಳನ್ನು ಹೊಸದಾಗಿ ಅಧ್ಯಯನ ಮಾಡುತ್ತಿದ್ದ ಯುವ ಸಂಶೋಧಕಿ ಕಲ್ಲು ಕೊಯ್ಯುವ ಕೋಣೆಗೆ ಬಂದಳು. ಅವನು ಗರಗಸ ನಿಲ್ಲಿಸಿ ಕೈ ಒರೆಸಿಕೊಂಡ.

"ಅಣ್ಣಾ, ಮೂಡಣ ಗುಹೆಯಿಂದ ಇನ್ನೊಂದು ಕಲ್ಲು ತಂದಿದ್ವಲ್ಲ, ಅದರ ಅಳತೆ ಬಂತು. ಆ ಚಳಿಯ ಕಾಲದಲ್ಲಿ ಅಲ್ಲಿ ಮಳೆ ಚೆನ್ನಾಗಿ ಸುರಿದಿದೆ. ನಿಮ್ಮ ಹಳೇ ಚೀಟಿಗೆ ಪದರಕ್ಕೆ ಪದರ ಹೊಂದುತ್ತೆ."

"ಬಿಡಮ್ಮ, ಅದನ್ನೂ ನಾನೇ ಅದಲುಬದಲು ಮಾಡಿರ್ತೀನಿ."

"ನೀವು ಅದನ್ನ ಮುಟ್ಟೇ ಇಲ್ಲ, ಮರೆತ್ರಾ? ಕೊಯ್ಯೋಕೆ ಬೇರೆ ಊರಿಗೆ ಕಳಿಸಿದ್ದೆ. ನೀವು ಮುಖ ಸಣ್ಣದು ಮಾಡ್ಕೊಂಡ್ರಿ, ಆದ್ರೂ ನಾನು ಕಾರಣ ಹೇಳಲಿಲ್ಲ. ಮತ್ತೆ ಯಾರೂ ನಿಮ್ಮ ಕಡೆ ಬೆರಳು ತೋರಿಸಬಾರದು ಅಂತ ಹಾಗೆ ಮಾಡಿದೆ."

ಅವನು ಸ್ಟೂಲಿನ ಮೇಲೆ ಕೂತ. ಸಂತೋಷವಾಗಲಿಲ್ಲ. ಇಷ್ಟು ವರ್ಷ ತನಗೆ ತಾನೇ ಕಾವಲು ನಿಂತದ್ದು ಯಾಕೆ ಎಂದು ಕೇಳಿಕೊಂಡ.

ಮಧ್ಯಾಹ್ನ, ಎಂದೋ ನಿವೃತ್ತರಾಗಿದ್ದ ದೊಡ್ಡ ಸರ್ ಊರುಗೋಲು ಊರಿಕೊಂಡು ತಾವೇ ಬಂದರು. ಕೈಯಲ್ಲೊಂದು ಹಾಳೆ.

"ತಿದ್ದುಪಡಿ. ನಕ್ಷೆ ಅಚ್ಚಾದ ಪತ್ರಿಕೆಗೇ ಕಳಿಸ್ತಿದೀನಿ. ಮೊದಲು ನೀನು ನೋಡು."

ಅವನು ಬೆರಳಿಟ್ಟು ಓದಿದ. ಚಳಿ ಎರಡೂ ಕಡೆ ಒಂದೇ ಇದ್ದರೂ ಬೆಟ್ಟದ ಮೂಡಣ ಮಗ್ಗುಲು ನೆನೆದಿತ್ತು, ಪಡುವಣ ಮಗ್ಗುಲು ಒಣಗಿತ್ತು ಎಂದಿತ್ತು. ಹಿಂದಿನ ನಕ್ಷೆಯಲ್ಲಿ ಚೀಟಿಗಳ ಗೊಂದಲ ನುಸುಳಿತ್ತು ಎಂದೂ ಇತ್ತು.

"ಗೊಂದಲ ಯಾರದ್ದು ಅಂತ ಇಲ್ಲವಲ್ಲ, ಸರ್."

"ಓದೋರಿಗೆ ಅದು ಬೇಕಾಗಲ್ಲಪ್ಪ. ಅವರಿಗೆ ಮಳೆ ಸಾಕು."

"ನನಗೆ ಬೇಕು." ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಕಲ್ಲು ಕಿತ್ತ ಬುಡ ಗುಹೆಯಲ್ಲೇ ಇತ್ತು ಸರ್. ಕಲ್ಲನ್ನ ಒಯ್ದು ಅದರ ಮೇಲೆ ಕೂರಿಸಿ ನೋಡಿದ್ರೆ ಯಾವ ಕಲ್ಲು ಎಲ್ಲೀದು ಅಂತ ಗೊತ್ತಾಗೋದು. ಒಂದು ದಿನದ ಕೆಲಸ. ಯಾಕೆ ನೋಡಲಿಲ್ಲ?"

ದೊಡ್ಡ ಸರ್ ಊರುಗೋಲನ್ನು ಮೇಜಿಗೆ ಒರಗಿಸಿದರು. "ನನ್ನ ಲೆಕ್ಕ ತಪ್ಪಿರಬಹುದು ಅನ್ನೋದಕ್ಕಿಂತ ನೀನು ತಪ್ಪಿರ್ತೀಯ ಅಂದ್ಕೊಳ್ಳೋದು ಸುಲಭವಾಗಿತ್ತು," ಎಂದರು.

ಆಮೇಲೆ ಗರಗಸದ ಮೇಜಿನ ಮೇಲೆ ಬಾಗಿ, ಒಂದು ಸಾಲು ಹೊಡೆದುಹಾಕಿ, ಎರಡು ಸಾಲು ಬರೆದರು. ಅವನು ಓದಿ ತಲೆಯಾಡಿಸಿದ.

"ಈಗ ಎಲ್ಲರೂ ಚಹಾಕ್ಕೆ ಸೇರಿರ್ತಾರೆ. ಅಲ್ಲಿ ಇದನ್ನ ಓದ್ತೀರಾ ಸರ್?"

"ಬಾ, ಓದ್ತೀನಿ."

ಚಹಾದ ಕೋಣೆಯಲ್ಲಿ ಗಲಗಲ ಮಾತು. ದೊಡ್ಡ ಸರ್ ಹಾಳೆ ಹಿಡಿದು ನಿಂತರು. "ಕಲ್ಲು ಕೊಯ್ದವನು ಅಂಟಿಸಿದ ಚೀಟಿಗಳು ಸರಿಯಾಗಿದ್ದವು," ಎಂದು ಓದುತ್ತಲೇ ಸದ್ದಡಗಿತು. ಮುಂದಿನ ಸಾಲಿಗೆ ಅವರ ದನಿ ತಗ್ಗಿತು. "ಅವನ್ನು ಬದಲಿಸಿದವನು ನಾನು," ಎಂದದ್ದು ಹತ್ತಿರ ಕೂತವರಿಗೆ ಮಾತ್ರ ಕೇಳಿಸಿತು.

"ಇನ್ನೊಂದ್ಸಲ ಓದಿ ಸರ್," ಎಂದ ಅವನು, ಬಾಗಿಲ ಬಳಿಯಿಂದ. "ಹಿಂದೆ ಕೂತವರಿಗೆ ಕೇಳಿಸಲಿಲ್ಲ."

ಅವರು ಓದಿದರು.