ತಾಯಿಯ ತವರಿನ ಹೆಸರು

ಪ್ರೆಸಿಲ್ಲಾ ಟೀಚರ್ ಬೆಳಿಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನಂತೆ ಸ್ಟಾಫ್‌ರೂಮಿಗೂ ಕಂಪ್ಯೂಟರ್ ಕೋಣೆಗೂ ಓಡಾಡುತ್ತಿದ್ದರು. ಹೆಡ್‌ಮಾಸ್ಟರರ ಕೋಣೆಯಲ್ಲಿ ಹತ್ತನೆಯ ತರಗತಿಯ ಶರೋನ್ ಅಳುತ್ತ ನಿಂತಿದ್ದಳು. ಪಕ್ಕದಲ್ಲಿ ಅವಳ ತಾಯಿ ಬೇಬಿ, ಮಗಳ ಟಿ.ಸಿ. ಕೇಳಲು ಬಂದವರು. ಪಬ್ಲಿಕ್ ಪರೀಕ್ಷೆಗೆ ಉಳಿದದ್ದು ಇಪ್ಪತ್ತೆರಡೇ ದಿನ.

ಆದದ್ದು ಇಷ್ಟು. ಕುವೈಟಿನಲ್ಲಿರುವ ಅಪ್ಪ ವಲೇರಿಯನ್‌ಗೆ ಶರೋನಳ ಇ-ಮೇಲಿನಿಂದ ಪತ್ರ ಹೋಗಿತ್ತು: ‘ಪಪ್ಪಾ, ನನಗೆ ಓದು ಬೇಡ. ಕಾರ್ಕಳ ಬಸ್ಸಿನ ಕಂಡಕ್ಟರನನ್ನು ಮದುವೆಯಾಗುತ್ತೇನೆ.’ ವಲೇರಿಯನ್ ಫೋನಿನಲ್ಲೇ ಗುಡುಗಿದ್ದರು, ಹುಡುಗಿ ಇನ್ನು ಶಾಲೆಯ ಮೆಟ್ಟಿಲು ಹತ್ತಕೂಡದು ಎಂದು. ತಾನು ಬರೆದಿಲ್ಲ ಎಂದು ಶರೋನ್ ಆಣೆ ಹಾಕಿದರೂ ಕೇಳುವವರಿರಲಿಲ್ಲ.

“ಪಾಸ್‌ವರ್ಡ್ ಅವರವರಿಗೆ ಮಾತ್ರ ಗೊತ್ತಿರುತ್ತದೆ ಅಂತ ನೀವೇ ಹೇಳಿದ್ದಲ್ವಾ ಟೀಚರ್?” ಎಂದರು ಹೆಡ್‌ಮಾಸ್ಟರ್.

ಹೇಳಿದ್ದು ಹೌದು. ಶಿರ್ವದ ಆ ಶಾಲೆಗೆ ಇಂಟರ್‌ನೆಟ್ ಬಂದ ವರ್ಷ, ೨೦೦೪ರಲ್ಲಿ, ಮಣಿಪಾಲದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದ ಪ್ರೆಸಿಲ್ಲಾಗೆ ನೆಲ ಕಾಣುತ್ತಿರಲಿಲ್ಲ. ‘ಜಾಲದಲ್ಲಿ ಜಾಗ್ರತೆ’ ಎಂದು ಬೋರ್ಡಿನಲ್ಲಿ ಬರೆದು, ನಲವತ್ತೆರಡು ಮಕ್ಕಳಿಗೂ ಮೇಲ್ ತೆರೆಸಿದ್ದರು. ಪಾಸ್‌ವರ್ಡ್ ಮರೆತರೆ ಕೇಳುವ ಗುಟ್ಟಿನ ಪ್ರಶ್ನೆಯನ್ನೂ ತಾವೇ ಆರಿಸಿಕೊಟ್ಟಿದ್ದರು: ತಾಯಿಯ ತವರಿನ ಹೆಸರು. ತರಬೇತಿಯ ಹಾಳೆಯಲ್ಲಿ ಹಾಗೆಯೇ ಇತ್ತು.

ಈಗ ಆ ಪ್ರಶ್ನೆಯೇ ಅವರ ತಲೆ ತಿನ್ನುತ್ತಿತ್ತು. ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಕೊಂಡು ಶರೋನಳ ವಿಳಾಸ ಒತ್ತಿದರು. ಪಾಸ್‌ವರ್ಡ್ ಮರೆತಿದ್ದೇನೆ ಎಂದರು. ಪ್ರಶ್ನೆ ಬಂತು. ಬೇಬಿ ಯಾರ ಮನೆಯ ಮಗಳು? ಯೋಚಿಸಬೇಕಾಗಿಯೇ ಇರಲಿಲ್ಲ. ‘ಮಥಾಯಸ್’ ಎಂದು ಒತ್ತಿದ್ದೇ ತಡ, ಹುಡುಗಿಯ ಪತ್ರಗಳೆಲ್ಲ ಕಣ್ಣೆದುರು ಬಿಚ್ಚಿಕೊಂಡವು.

ಪ್ರೆಸಿಲ್ಲಾಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮುಚ್ಚಿಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದು ಕೈ ಮೌಸಿನ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಆಚೆ ಕೋಣೆಯಲ್ಲಿ ಕ್ಲರ್ಕ್ ಟಿ.ಸಿ. ಪುಸ್ತಕ ಹುಡುಕುವ ಸದ್ದು ಕೇಳಿದಾಗ ಎದ್ದು ಹೋಗಿ ಹೆಡ್‌ಮಾಸ್ಟರ್, ಬೇಬಿ, ಶರೋನ್ ಮೂವರನ್ನೂ ಕರೆದುಕೊಂಡು ಬಂದರು.

“ನಾನು ಈಗಷ್ಟೇ ಇವಳ ಮೇಲ್ ತೆರೆದೆ” ಎಂದರು. “ಇವಳನ್ನು ಕೇಳದೆ.” ತೆರೆದ ಬಗೆಯನ್ನೂ ಹೇಳಿದರು.

ಕಂಪ್ಯೂಟರ್ ಮುಟ್ಟಿಯೇ ಗೊತ್ತಿಲ್ಲದ ಬೇಬಿ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡರು.

“ಇದು ಎಂತ ಗುಟ್ಟು ಟೀಚರ್? ನನ್ನ ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಎಲ್ಲರೆದುರು ಓದಿದ್ದಾರೆ, ಇಂಥವರ ಮಗಳು ಬೇಬಿ ಮಥಾಯಸ್ ಅಂತ. ಈ ಊರಿನಲ್ಲಿ ಮಕ್ಕಳನ್ನು ಕಂಡರೆ ಮೊದಲು ಕೇಳುವುದೇ ನಿನ್ನ ಅಮ್ಮ ಯಾವ ಮನೆಯವಳು ಅಂತ.”

“ಯಾವ ಹುಡುಗನ ಕೆಲಸ ಅಂತ ಹಿಡಿಯಬೇಕು” ಎಂದು ಹೆಡ್‌ಮಾಸ್ಟರ್ ಗುರುಗುಟ್ಟಿದರು.

“ಹಿಡಿಯೋಣ ಸರ್. ಬಾಗಿಲು ತೆರೆದಿಟ್ಟವಳು ನಾನು.”

ಬೇಬಿ ಮಗಳ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಒಂದು ಹಾಳೆ ಹರಿದರು.

“ಇದನ್ನೆಲ್ಲ ಇವಳ ಪಪ್ಪನಿಗೆ ಕೈಯಲ್ಲಿ ಬರೆದು ಸಹಿ ಹಾಕಿ ಕೊಡಿ. ಮೇಲ್ ಬೇಡ, ಅವರು ಇನ್ನು ಅದನ್ನು ನಂಬುವುದಿಲ್ಲ.”

“ಕುವೈಟಿಗೆ ಕಾಗದ ಮುಟ್ಟಲು ಹತ್ತು ದಿನ ಉಂಟು” ಎಂದರು ಹೆಡ್‌ಮಾಸ್ಟರ್.

“ಅಲ್ಲಿವರೆಗೆ ಇವಳು ಕ್ಲಾಸಿಗೆ ಬರುತ್ತಾಳೆ. ಫೋನಿನಲ್ಲಿ ಬೈಗುಳ ತಿನ್ನಲು ನಾನು ಇದ್ದೇನೆ ಅಲ್ವಾ.”

ಪ್ರೆಸಿಲ್ಲಾ ‘ತಪ್ಪು ನನ್ನದು’ ಎಂದು ಶುರು ಮಾಡಿದರು. ಕ್ಲಾಸಿಗೆ ಹೋಗು ಎಂದರೂ ಶರೋನ್ ಕದಲಲಿಲ್ಲ. ಟೀಚರರ ಭುಜದ ಹಿಂದೆ ನಿಂತು ಒಂದೊಂದೇ ಸಾಲು ಓದಿ, ಸಹಿ ಹಾಕುವ ಮೊದಲು ಕೈ ಅಡ್ಡ ಹಿಡಿದಳು.

“ಕಂಡಕ್ಟರನ ವಿಷಯ ಸುಳ್ಳು ಅಂತ ಬಿಡಿಸಿ ಬರೆಯಿರಿ ಟೀಚರ್. ಪಪ್ಪ ಮೊದಲು ಅದನ್ನೇ ಹುಡುಕುತ್ತಾರೆ.”