ಬೇರು ನೋಡಿದ ಕೈ

ಅಲ್ಲಾಡುತ್ತಿದೆ, ಇನ್ನೂ ಅಲ್ಲಾಡುತ್ತಿದೆ, ದಾರ ಸಡಿಲವಾಯಿತೇನೋ, ಕೋಲಿಗೆ ಇನ್ನೊಂದು ಸುತ್ತು ಬಿಗಿಯಬೇಕು, ಗಿಡ ಕುಂಡದಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೂ ಹೊಸ ಬೇರಿನ ತುದಿ ಕುಂಡಕ್ಕೆ ತುಂಬಿದ ತೊಗಟೆ, ಇದ್ದಿಲ ಚೂರಿಗೆ ಉಜ್ಜಿ ಸತ್ತುಹೋಗುತ್ತದೆ, ಇಪ್ಪತ್ತೆರಡು ವರ್ಷದಿಂದ ಈ ಗಾಜಿನ ಮನೆಯಲ್ಲಿ ಆರ್ಕಿಡ್ ಗಿಡಗಳ ಕುಂಡ ಬದಲಿಸುತ್ತ ಬಂದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅವಳೇ ಊರಿಗೆಲ್ಲ ಹೇಳಿಕೊಡುವವಳು, ಹೇಳಿ ಹೇಳಿ ನಾಲಿಗೆ ಸವೆದಿದೆ — ಕಟ್ಟಿ, ಮೂಲೆಗಿಟ್ಟು, ಮರೆತುಬಿಡಿ. ಯಾರು ಮರೆಯುತ್ತಾರೆ? ಕೊಂಡುಹೋದವರು ಎರಡು ತಿಂಗಳಿಗೇ ಕುಂಡ ಹೊತ್ತುಕೊಂಡು ವಾಪಸ್ಸು, ಒಂದೆಲೆನೂ ಬಂದಿಲ್ಲ ನೋಡಿ, ಸತ್ತಿದೆಯೋ ಬದುಕಿದೆಯೋ ಗೊತ್ತಾಗ್ತಿಲ್ಲ, ಅದಕ್ಕೇ ಒಂಚೂರು ಎತ್ತಿ ನೋಡಿದ್ವಿ. ಎತ್ತಿ ನೋಡಿದಿರಾ, ಸರಿಹೋಯಿತು, ಇನ್ನಾರು ತಿಂಗಳು ಕಾಯಿರಿ. ಮುನಿಸಿಕೊಂಡು ಕೂತಿದ್ದಲ್ಲ ಅದು. ಹಳೆಯ ಬೇರುಗಳು ಹಳೆಯ ಕುಂಡದ ತೇವಕ್ಕೆ, ಅಲ್ಲಿಯ ಗಾಳಿಗೆ ಒಗ್ಗಿಕೊಂಡು ಬೆಳೆದಂಥವು, ಹೊಸ ಜಾಗದಲ್ಲಿ ಅರ್ಧಕ್ಕರ್ಧ ಕೊಳೆಯುತ್ತವೆ, ಹೊಸವು ಹುಟ್ಟುವ ತನಕ ಗಿಡ ತನ್ನ ಎಲೆಗಳಲ್ಲಿ ಕೂಡಿಟ್ಟ ನೀರನ್ನೇ ಗುಟುಕು ಗುಟುಕಾಗಿ ಕುಡಿದುಕೊಂಡು ಉಸಿರು ಬಿಗಿಹಿಡಿದು ಕೂರುತ್ತದೆ, ಅಷ್ಟರಲ್ಲಿ ಎಳ್ಳಿನಷ್ಟು ಹಸಿರು ತುದಿ ಇಣುಕಿರುತ್ತದೆ, ಆ ಹೊತ್ತಿಗೇ ಇವರು ಎತ್ತುತ್ತಾರೆ, ಚಿಟಿಕ್ಕೆಂದು ಮುರಿಯುತ್ತದೆ, ಮುರಿದದ್ದು ಇವರ ಕಣ್ಣಿಗೂ ಬೀಳುವುದಿಲ್ಲ. ಬೇರು ನೋಡೋ ಚಪಲ ಇದ್ರೆ ಆಲೂಗಡ್ಡೆ ಬೆಳೀರಿ ಅನ್ನುತ್ತಾನೆ ಮೇಲ್ವಿಚಾರಕ, ಎಲ್ಲರೂ ಮೀಸೆ ಎಂದೇ ಕರೆಯುವ ಮಹಾನುಭಾವ, ಅವನು ಹಾಗಂದಾಗಲೆಲ್ಲ ಅವಳು ಕಿಸಕ್ಕನೆ ನಗುತ್ತಿದ್ದಳು, ಈಗ ಆಚೆ ಮೇಜಿನ ಹತ್ತಿರ ಯಾರಿಗೋ ಅದನ್ನೇ ಹೇಳುತ್ತಿದ್ದಾನೆ, ನಗು ಬರುತ್ತಿಲ್ಲ, ಕೈಯಲ್ಲಿ ದಾರ ಹಾಗೇ ಇದೆ. ಒಂದು ಕಾಲಲ್ಲಿ ಶೂ, ಇನ್ನೊಂದು ಕೈಯಲ್ಲಿ. ಹುಡುಗಿ ಬಾಗಿಲಲ್ಲಿ ಹಾಗೇ ನಿಂತಿದ್ದಳು ನಿನ್ನೆ.

ತಂಗಿಯ ಮಗಳು, ಹದಿಮೂರು ವರ್ಷ, ತಂಗಿ ತೀರಿಹೋಗಿ ಎರಡು ವರ್ಷವಾಯಿತು, ಮೊದಲು ಅಜ್ಜಿ ಮನೆ, ಆಮೇಲೆ ಹಾಸ್ಟೆಲ್ಲು, ಆಮೇಲೆ ಇಲ್ಲಿ, ಎರಡು ವರ್ಷದಲ್ಲಿ ಮೂರು ಕುಂಡ, ಯಾವ ಗಿಡ ತಡೆದೀತು ಹೇಳು — ಯಾರಿಗೆ ಹೇಳುತ್ತಿದ್ದೀಯೆ, ಕೇಳುವವರಾರು, ಹತ್ತೊಂಬತ್ತು ವರ್ಷ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದೂ ಇದ್ದೂ ತನ್ನ ಜೊತೆ ತಾನೇ ಮಾತಾಡುವುದು ಚಟವಾಗಿದೆ. ಹುಡುಗಿ ಬಂದು ಎಂಟು ತಿಂಗಳು. ಊಟ ಮಾಡುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಹ್ಞೂಂ, ಆಯ್ತು, ಬೇಡ ದೊಡ್ಡಮ್ಮ, ಅಷ್ಟೇ, ಒಂದು ಅಳು ಇಲ್ಲ, ಒಂದು ಜಗಳ ಇಲ್ಲ, ಅಂಗಿಯ ತೋಳು ಕೂಡ ಗಿಡ್ಡವಾಗಿಲ್ಲ, ಬಂದಾಗ ಎಷ್ಟೆತ್ತರವೋ ಅಷ್ಟೇ. ತುಂಬಾ ಒಳ್ಳೇ ಹುಡುಗಿ, ಇದ್ದಾಳೋ ಇಲ್ವೋ ಗೊತ್ತೇ ಆಗಲ್ಲ ಅಂದರು ಸ್ಕೂಲಿನ ಟೀಚರು, ಹೊಗಳಿದರಂತೆ. ಕಾಯಬೇಕಿತ್ತು, ಕಾಯುವುದೇ ತನ್ನ ಕಸುಬು, ಆದರೆ ಗಿಡಕ್ಕೆ ಕಾದಷ್ಟು ಸುಲಭವೇ ಮಗುವಿಗೆ ಕಾಯುವುದು, ಏನು ಯೋಚನೆ ಮಾಡ್ತಿದೀಯಾ ಪುಟ್ಟಾ, ಯಾರಾದ್ರೂ ಏನಾದ್ರೂ ಅಂದ್ರಾ, ಅಮ್ಮನ ನೆನಪಾಯ್ತಾ, ದಿನಕ್ಕೆ ಹತ್ತು ಸಲ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ, ದಿನಕ್ಕೆ ಹತ್ತು ಸಲ ಎತ್ತಿ ಎತ್ತಿ ನೋಡಿದೆಯಲ್ಲೇ. ನಿನ್ನೆಯಂತೂ ಹದ್ದೇ ಮೀರಿತು. ಕೆಲಸದಿಂದ ಬೇಗ ಬಂದು ಹಾಸಿಗೆ ಕೊಡವಲು ಹೋದದ್ದು, ದಿಂಬಿನಡಿ ನೀಲಿ ರಟ್ಟಿನ ನೋಟ್‌ಬುಕ್ಕು, ಒಂದೇ ಒಂದು ಪುಟ, ಬರೀ ಒಂದು ಪುಟ ನೋಡಿ ಇಟ್ಟುಬಿಡೋಣ, ಮನಸ್ಸಿಗೆ ನೆಮ್ಮದಿ ಎಂದುಕೊಂಡು ತೆರೆದಳು. ದುಂಡು ಅಕ್ಷರ. ದೊಡ್ಡಮ್ಮನ ಸ್ವೆಟರ್ ಬೆನ್ನಿಗೆ ನರ್ಸರಿಯ ‘ಮುಟ್ಟಬೇಡಿ’ ಚೀಟಿ ಸಿಕ್ಕಿಕೊಂಡಿತ್ತು, ಹಾಗೇ ಬಸ್ಸಲ್ಲಿ ಬಂದಿದಾರೆ, ನಾನು ಸುಮ್ನೆ ತೆಗೆದೆ, ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಕ್ಕೆ. ಇಲ್ಲೇ ಇದ್ರೂ ಆಗತ್ತೆ ಅನ್ಸತ್ತೆ. ಅಯ್ಯೋ, ನಕ್ಕಿದ್ದಾಳೆ, ನಕ್ಕಿದ್ದಾಳೆ ಕಣೇ, ಎದೆ ತುಂಬಿ ಬಂತು, ಕಣ್ಣು ಮಂಜಾಯಿತು, ಬೀಗದ ಸದ್ದು ಕೇಳಿಸಲೇ ಇಲ್ಲ, ತಲೆಯೆತ್ತಿದರೆ ಬಾಗಿಲಲ್ಲಿ ಹುಡುಗಿ, ಒಂದು ಕಾಲಲ್ಲಿ ಶೂ, ಇನ್ನೊಂದು ಕೈಯಲ್ಲಿ.

ಊಟದ ಗಂಟೆ ಹೊಡೆಯಿತು, ಹೊಡೆದು ಎಷ್ಟು ಹೊತ್ತಾಯಿತೋ, ಮೇಜಿನ ಸುತ್ತ ಯಾರೂ ಇಲ್ಲ, ಡಬ್ಬಿ ಬಿಚ್ಚುವ ಮನಸ್ಸಿಲ್ಲ, ಹುಡುಗಿಯ ಅಪ್ಪನಿಗೆ ಫೋನ್ ಮಾಡಬೇಕು, ಮಧ್ಯಾಹ್ನದೊಳಗೆ ಹೇಳಿ ಅಕ್ಕಾ ಎಂದಿದ್ದಾನೆ, ಅವನಿಗೆ ಹೊಸ ಕೆಲಸವಾಗಿದೆ, ಕಂಪನಿಯ ಮನೆ ಕೊಟ್ಟಿದ್ದಾರೆ, ಭಾನುವಾರ ಬಂದು ಕರೆದೊಯ್ಯಲೇ ಬೇಡವೇ ಎಂದು ಕೇಳಿದ್ದಾನೆ, ಕೆಟ್ಟವನೇನಲ್ಲ ಪಾಪ. ಏನು ಹೇಳಬೇಕೆಂದು ವಾರದಿಂದ ಬಾಯಿಪಾಠ ಮಾಡಿದ್ದಾಳೆ: ಇನ್ನೊಂದು ವರ್ಷ ಬಿಡಿ, ಈಗ ಕಿತ್ತರೆ ಮತ್ತೆ ಮೊದಲಿನಿಂದ, ಕಾಲೂರಲಿ, ಆಮೇಲೆ ನೋಡೋಣ. ಮಾತು ನಿಜ, ಎಲ್ಲ ನಿಜ, ಆದರೆ ಹುಡುಗಿಗಾಗಿ ಹೇಳುತ್ತಿದ್ದೀಯೋ ನಿನಗಾಗಿಯೋ, ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ ನಿನ್ನ ಕಿಟಕಿಯಲ್ಲಿ ದೀಪ ಉರಿಯುವುದು ಈ ಎಂಟು ತಿಂಗಳಿಂದ ತಾನೇ, ಆ ದೀಪ ನೋಡಿ ಹೆಜ್ಜೆ ಚುರುಕಾಗುವುದು ಯಾರದು? ನನಗಾಗಿಯೂ ಹೌದು, ಏನೀಗ, ನನಗೂ ಬೇಕು, ಬೇಡವೆಂದು ಯಾರಿಗೆ ಸುಳ್ಳು ಹೇಳಲಿ. ಬೆರಳಿಗಂಟಿದ ಇದ್ದಿಲು ಸೀರೆಗೆ ಒರೆಸಿಕೊಂಡು ನಂಬರು ಒತ್ತಿದಳು, ಎರಡನೇ ರಿಂಗಿಗೇ ಎತ್ತಿದ. ಅಕ್ಕಾ, ನಾನೇ ಮಾಡೋಣ ಅಂತಿದ್ದೆ. ನಿನ್ನೆ ಸಂಜೆ ಅವಳೇ ಫೋನ್ ಮಾಡಿದ್ಲು, ಕೆಳಗಡೆ ಅಂಗಡಿಯಿಂದ. ಭಾನುವಾರದ ತನಕ ಬೇಡ, ನಾಳೇನೇ ಬಂದು ಕರ್ಕೊಂಡ್ ಹೋಗು ಅಂದ್ಲು. ದಾರೀಲಿದೀನಿ. ಏನಾದ್ರೂ ಆಯ್ತಾ?

ನಾನು ಎತ್ತಿ ನೋಡಿದೆ ಅಂದಳು. ಏನನ್ನ ಅಕ್ಕಾ? ಅವಳ ನೋಟ್‌ಬುಕ್ಕು, ಓದಿಬಿಟ್ಟೆ. ಆ ಕಡೆ ಅವನೇನೋ ಹೇಳುತ್ತಿದ್ದಾನೆ, ಮಕ್ಕಳು ಮರೀತಾವೆ ಅಕ್ಕಾ, ನೀವು ಮನಸ್ಸಿಗೆ ಹಚ್ಕೋಬೇಡಿ, ಬಸ್ಸಿನ ಗದ್ದಲ, ಕೇಳಿಸುತ್ತಿಲ್ಲ, ಕೇಳಿಸುವುದೂ ಬೇಡ, ಒಂದು ಕಾಲಲ್ಲಿ ಶೂ, ಇನ್ನೊಂದು ಕೈಯಲ್ಲಿ, ಆಮೇಲೆ ಹುಡುಗಿ ಹೊಸ್ತಿಲ ಮೇಲೆ ಕೂತಳು, ಕೈಯಲ್ಲಿದ್ದುದನ್ನು ಮತ್ತೆ ಕಾಲಿಗೆ ಹಾಕಿಕೊಂಡಳು, ಲೇಸು ಕಟ್ಟಿಕೊಂಡಳು, ನಿಧಾನವಾಗಿ, ಎರಡು ಗಂಟು.